ಅರ್ಧಕ್ಕೆ ಮೂರರಲ್ಲೊಂದು ಕೂಡಿಸಿದ್ದು

ಮಾರುತೇಶ್ ಮೇಷ್ಟ್ರು ಬೋರ್ಡಿನ ಮೇಲೆ 1/2 + 1/3 = 2/5 ಎಂದು ಬರೆದರು. ಮೇಲಿನವೆರಡನ್ನು ಕೂಡಿದ್ದರು, ಕೆಳಗಿನವೆರಡನ್ನೂ ಕೂಡಿದ್ದರು. ಯಾರಿಗೂ ಅನ್ಯಾಯ ಮಾಡಿರಲಿಲ್ಲ. ಆದರೂ ಆರನೇ ಕ್ಲಾಸಿನ ರಮ್ಯಾ ಎದ್ದು ನಿಂತಳು.

"ಸಾರ್, ಐದರಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಕಮ್ಮಿ. ಕೂಡಿದ ಮೇಲೆ ಕಮ್ಮಿ ಹೆಂಗಾಯ್ತು?"

ಮಾರುತೇಶ್ ನಿಜಕ್ಕೂ ಪಿ.ಟಿ. ಮೇಷ್ಟ್ರು. ಹಿರೇಗುಂಟನೂರಿನ ಆಚೆಯ ಆ ಶಾಲೆಯಲ್ಲಿ ಗಣಿತದ ಅನುಪಮಾ ಮೇಡಂ ಹೆರಿಗೆ ರಜೆಗೆ ಹೋದಾಗ, ದಿನಾ ಒನ್ ಟೂ ತ್ರೀ ಎನ್ನುವವರಿಗೆ ಗಣಿತವೇನು ಮಹಾ ಎಂದು ಹೆಡ್‌ಮಾಸ್ಟರ್ ಪಂಚಾಕ್ಷರಪ್ಪ ಪುಸ್ತಕವನ್ನು ಇವರ ಕೊರಳಿಗೆ ಕಟ್ಟಿದ್ದರು. ಇವತ್ತು ಮೂರು ಗಂಟೆಗೆ ಇಲಾಖೆಯ ಸಾಹೇಬರು ಅದೇ ಪಾಠ ನೋಡಲು ಬರುವವರಿದ್ದರು.

ಸ್ಟಾಫ್ ರೂಮಿನಲ್ಲಿ ಕೇಳಿದಾಗ ಕನ್ನಡದ ಏಕನಾಥಮ್ಮ ಲ.ಸಾ.ಅ. ತೆಗೆಯಬೇಕೆಂದರು. ವಿಜ್ಞಾನದ ಅಂಜನ್ ಅಡ್ಡಡ್ಡ ಗುಣಿಸಿದರೆ ಸಾಕೆಂದರು. ಇಬ್ಬರೂ ಜಗಳಕ್ಕೆ ನಿಂತು ಲೆಕ್ಕವನ್ನು ಮರೆತರು. ಸಾಹೇಬರಿಗೆ ಕಾಣದಂತೆ ಬೋರ್ಡಿನ ಮೇಲೆ ಆದಷ್ಟು ಸಣ್ಣಕ್ಷರದಲ್ಲಿ ಬರೆಯಿರಿ ಎಂಬುದು ಹೆಡ್‌ಮಾಸ್ಟರರ ಸಲಹೆ. ಮೈದಾನಕ್ಕೆ ಹತ್ತು ಸುತ್ತು ಓಡಿದರೂ ದಣಿಯದ ಮಾರುತೇಶ್ ಇಡ್ಲಿ ಪಾತ್ರೆಯ ಮುಚ್ಚಳದಂತೆ ಬೆವರಿದರು. ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದೆಂದೂ ಯೋಚಿಸಿಯಾಯಿತು.

ಬಿಸಿಯೂಟದ ಅಡುಗೆಯ ಪುಟ್ಟಕ್ಕ ಮಾರುತೇಶ್ ಮುಟ್ಟದ ತಟ್ಟೆ ನೋಡಿ ಸಂಗತಿ ಕೇಳಿದಳು. ತನ್ನ ಬುತ್ತಿಯ ರೊಟ್ಟಿಯನ್ನು ಆರು ಸಮ ತುಂಡು ಮಾಡಿದಳು.

"ಬೇರೆ ಬೇರೆ ಅಳತೆ ತುಂಡು ಹೆಂಗೆ ಎಣಿಸ್ತೀರಿ ಸಾರ್? ಮೊದ್ಲು ಒಂದೇ ಅಳತೆ ಮಾಡ್ಕಳ್ರಿ."

ಅರ್ಧವೆಂದರೆ ಮೂರು ತುಂಡು, ಮೂರರಲ್ಲೊಂದು ಎಂದರೆ ಎರಡು. ಕೂಡಿದರೆ ಆರರಲ್ಲಿ ಐದು, ಕಳೆದರೆ ಆರರಲ್ಲಿ ಒಂದು. ಮಾರುತೇಶ್ ಮೂರು ಸಲ ಎಣಿಸಿದರು. ಮೂರು ಸಲವೂ ಸರಿಯಾಗಿತ್ತು. ಅವರ ಕಣ್ಣು ಒದ್ದೆಯಾಯಿತು.

ಮೂರು ಗಂಟೆಗೆ ಸಾಹೇಬ ಚಿತ್ರಲಿಂಗಪ್ಪನವರು ಕೊನೆಯ ಬೆಂಚಿನಲ್ಲಿ ಕುಳಿತರು. ಮಾರುತೇಶ್ ಇನ್ನೊಂದು ರೊಟ್ಟಿ ಮುರಿದರು. ರಮ್ಯಾ ಕೂಡಿದಳು, ಹಿಂದಿನ ಸಾಲಿನವರೂ ಕಳೆದರು. ಸಾಹೇಬರು ಎದ್ದು ಬಂದು ಕೈ ಕುಲುಕಿದರು.

ಇದೇ ಸಮಯವೆಂದು ಮಾರುತೇಶ್, ತನ್ನನ್ನು ಮೈದಾನಕ್ಕೇ ಬಿಡಬೇಕೆಂದು ಕೇಳಿಕೊಂಡರು. ಸಾಹೇಬರು ಜೇಬಿನಿಂದ ಒಂದು ಕಾಗದ ತೆಗೆದರು.

"ಗಣಿತಕ್ಕೆ ಬೇರೆಯವರನ್ನ ಹಾಕೋ ಆರ್ಡರ್ ಇಲ್ಲೇ ಐತೆ ನೋಡ್ರಿ. ಪಾಠ ಕೆಟ್ಟಿದ್ರೆ ಇವತ್ತೇ ಕೊಟ್ಟು ಹೋಗ್ತಿದ್ದೆ. ನೀವಿರುವಾಗ ಇನ್ಯಾಕೆ?"

ಮಡಚಿದ ಕಾಗದ ಮತ್ತೆ ಜೇಬಿಗೆ ಸೇರಿತು. ಏಳನೇ ಕ್ಲಾಸನ್ನೂ ಇವರಿಗೇ ಕೊಡಿ ಎಂದು ಹೆಡ್‌ಮಾಸ್ಟರಿಗೆ ಹೇಳಿ ಸಾಹೇಬರು ಜೀಪು ಹತ್ತಿದರು.

ಪಂಚಾಕ್ಷರಪ್ಪ ಕೂಡಲೇ ಬೀರುವಿನಿಂದ ಏಳನೇ ಕ್ಲಾಸಿನ ಗಣಿತ ಪುಸ್ತಕ ತಂದುಕೊಟ್ಟರು. ಮಾರುತೇಶ್ ಮಧ್ಯದಲ್ಲೆಲ್ಲೋ ತೆರೆದರು. ಅಲ್ಲಿ ಅಂಕಿಗಳ ನಡುವೆ ಎಕ್ಸ್ ಎಂಬ ಅಕ್ಷರ ಬಂದು ಕುಳಿತಿತ್ತು.