ಪೋಸ್ಟ್ ಮಾಸ್ಟರ್ ಪೆಕ್ ನೆಟ್ಟ ಕಂಬ

ಲೆಮ್ಯುಯಲ್ ಪೆಕ್‌ಗೆ ಬಂದ ಗ್ರಹಚಾರಕ್ಕೆಲ್ಲ ಮೂಲ ಒಂದು ಲೋಟ ಸೇಬಿನ ಹೆಂಡ. ಚುನಾವಣೆಯ ದಿನ ಟ್ರಿಫೀನಾಳ ಹೋಟೆಲಿನಲ್ಲಿ ಅದನ್ನು ಏರಿಸಿಕೊಂಡು, ಮೇಜು ಗುದ್ದಿ, "ಮಾತಿಗೆ ಮುಂಚೆ ಪಿಸ್ತೂಲು ತೆಗೆಯೋ ಆ ಜಾಕ್ಸನ್ ಅಧ್ಯಕ್ಷ ಆಗೋದಾ? ನನ್ನ ಓಟು ಆಡಮ್ಸ್‌ಗೇ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದ. ಗೆದ್ದವನು ಜಾಕ್ಸನ್. ಈಗ ಅವನ ಪಕ್ಷದವರು ಎದುರು ಪಕ್ಷದ ಪೋಸ್ಟ್ ಮಾಸ್ಟರುಗಳನ್ನು ಹುಡುಕಿ ಹುಡುಕಿ ಮನೆಗೆ ಕಳಿಸುತ್ತಿದ್ದರು. ಅಮೆರಿಕದ ಓಹಾಯೋದಲ್ಲಿರುವ ಪ್ಲಮ್ ಕ್ರೀಕ್ ಎಂಬ ಪುಟ್ಟ ಊರಿನ ಪೋಸ್ಟ್ ಮಾಸ್ಟರು ಇದೇ ಪೆಕ್.

ಆ ಕೆಲಸವೆಂದರೆ ಅವನಿಗೆ ಪ್ರಾಣ. ಸಂಬಳ ಅಷ್ಟಕ್ಕಷ್ಟೆ, ಆದರೆ ಊರಿಗೆ ಬರುವ ಪತ್ರಿಕೆಗಳನ್ನೆಲ್ಲ ಮೊದಲು ಬಿಚ್ಚಿ ಓದುವವನು ಅವನು. ಅವನು ಬಾಯಿಬಿಟ್ಟು ಹೇಳುವವರೆಗೆ ಪ್ಲಮ್ ಕ್ರೀಕಿನ ಮಟ್ಟಿಗೆ ಜಗತ್ತಿನಲ್ಲಿ ಏನೂ ನಡೆದಿರುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಟ್ರಿಫೀನಾ ಏದುಸಿರು ಬಿಡುತ್ತ ಬಂದಳು. "ಪೋಸ್ಟ್ ಮಾಸ್ಟ್ರೇ, ಕೆಟ್ಟಿತು! ವಾಷಿಂಗ್ಟನ್ನಿಂದ ಯಾರೋ ದೊಡ್ಡ ಮನುಷ್ಯ ಸಂಜೆ ಟಪಾಲು ಗಾಡಿಗೆ ಬರ್ತಾನಂತೆ. ಪಕ್ಕದೂರಿನ ಪೋಸ್ಟ್ ಮಾಸ್ಟ್ರನ್ನ ನಿನ್ನೇನೇ ಕಿತ್ತುಹಾಕಿದ್ನಂತೆ. ನಿಮ್ಮ ಗತಿ ಏನೋಪ್ಪಾ!" ಅವಳ ಮುಖದಲ್ಲಿ ಮರುಕವೂ ಇತ್ತು, ಹಬ್ಬದ ಕಳೆಯೂ ಇತ್ತು.

ಎದುರು ಮನೆಯ ಕಮ್ಮಾರ ಜೇಬಜ್ ಸುತ್ತಿಗೆ ಹಿಡಿದುಕೊಂಡೇ ಬಂದ. "ಅದಕ್ಯಾಕೋ ಹಿಂಗೆ ನಡುಗ್ತೀಯಾ? ಒಂದು ಹಿಕರಿ ಕಂಬ ನೆಟ್ಟುಬಿಡು."

ಹಿಕರಿ ಎಂದರೆ ಕೊಡಲಿಗೂ ಬಗ್ಗದ ಮರ. ಯುದ್ಧಕಾಲದಲ್ಲಿ ಸೈನಿಕರು ಜಾಕ್ಸನ್‌ಗೆ 'ಹಿಕರಿ ಮುದುಕ' ಎಂದು ಹೆಸರಿಟ್ಟಿದ್ದರು. ಅವನ ಅಭಿಮಾನಿಗಳು ಎಲ್ಲೆಲ್ಲೂ ಹಿಕರಿ ಕಂಬ ನೆಟ್ಟು ಬಾವುಟ ಕಟ್ಟುತ್ತಿದ್ದರು.

"ನೀನೂ ಆಡಮ್ಸ್‌ಗೇ ಓಟು ಹಾಕಿದವನಲ್ವೇನೋ?" ಎಂದ ಪೆಕ್.

"ಹಾಕ್ದೆ. ನಂಗೆ ಕಳ್ಕೊಳ್ಳೋಕೆ ಸರ್ಕಾರಿ ಕೆಲಸ ಎಲ್ಲಿದೆ?"

ಇಬ್ಬರೂ ಕಾಡಿಗೆ ಹೋದರು. ಕಾಗದದ ಕಟ್ಟಿಗಿಂತ ಭಾರವಾದದ್ದನ್ನು ಎತ್ತಿ ಗೊತ್ತಿಲ್ಲದ ಪೆಕ್ ಬೆವರು ಸುರಿಸಿ ಒಂದು ಮರ ಉರುಳಿಸಿದ. ಜೇಬಜ್ ತೊಗಟೆ ಮುಟ್ಟಿ ನೋಡಿ, "ಥೂ ನಿನ್ನ, ಇದು ಹಿಕರಿ ಅಲ್ವೋ! ಇದನ್ನ ನೆಟ್ರೆ ಈಗ್ಲೇ ಮನೆಗೆ ಕಳಿಸ್ತಾನೆ," ಎಂದ. ನಿಜವಾದ ಹಿಕರಿ ಉರುಳುವಷ್ಟರಲ್ಲಿ ಪೆಕ್‌ನ ಅಂಗೈಯೆಲ್ಲ ಬೊಬ್ಬೆ.

ಮನೆಗೆ ಬಂದರೆ ಹೆಂಡತಿ ಡಾರ್ಕಸ್ ಪಾಠ ಒಪ್ಪಿಸಿಕೊಳ್ಳಲು ಕಾದಿದ್ದಳು. "ಅಧ್ಯಕ್ಷರ ಜೀವನ ಚರಿತ್ರೆ ಹೇಳಿ ನೋಡೋಣ. ಅವನು ಕೇಳೇ ಕೇಳ್ತಾನೆ."

"ಹದಿನಾಲ್ಕಕ್ಕೇ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಇಂಗ್ಲಿಷ್ ಅಧಿಕಾರಿ ಬೂಟು ಒರೆಸು ಅಂದ, ಒರೆಸಲ್ಲ ಅಂದಿದ್ದಕ್ಕೆ ತಲೆಗೆ ಕತ್ತಿ ಏಟು. ಆಮೇಲೆ ವಕೀಲ, ನ್ಯಾಯಾಧೀಶ, ಸೇನಾಪತಿ. ನ್ಯೂ ಆರ್ಲಿಯನ್ಸ್‌ನಲ್ಲಿ ಇಂಗ್ಲಿಷರನ್ನ ಅಟ್ಟಿಬಿಟ್ಟ."

"ಬಿಟ್ಟ ಅಲ್ಲ ರೀ, ಬಿಟ್ಟರು ಅನ್ನಿ! ಏಕವಚನದಿಂದಾನೇ ಕೆಲಸ ಹೋಗೋ ಹಾಗಿದೆ."

ಪೆಕ್ ಮನೆ ಮುಂದೆ ಗುಂಡಿ ತೋಡಿದರೆ ಮೊಳದಾಳಕ್ಕೇ ಬಂಡೆ. ಎಡಕ್ಕೆ ತೋಡಿದರೂ ಬಂಡೆ, ಬಲಕ್ಕೆ ತೋಡಿದರೂ ಬಂಡೆ. ನೆರೆದವರಲ್ಲಿ ಸಲಹೆ ಕೊಟ್ಟವರೇ ಎಲ್ಲ, ಗುದ್ದಲಿ ಮುಟ್ಟಿದವರಿಲ್ಲ.

"ನನ್ನ ಅಂಗಳದ ಮಣ್ಣು ಮೆತ್ತಗಿದೆ. ಅಲ್ಲೇ ನೆಡೋಣ," ಎಂದ ಜೇಬಜ್. "ಎದುರುಬದುರೇ ತಾನೆ? ಏನು ಮಹಾ ವ್ಯತ್ಯಾಸ?"

ಅಂತೂ ಕಂಬ ಎದ್ದು ನಿಂತಿತು. ಆದರೆ ಕೊನೆಯ ಹಗ್ಗ ಎಳೆಯುವಾಗ ಪೆಕ್ ಕಾಲು ಜಾರಿ, ಕಾದ ಕಬ್ಬಿಣ ಅದ್ದುವ ಮಸಿನೀರಿನ ತೊಟ್ಟಿಗೆ ಬಿದ್ದ. ಒದ್ದೆ ಬಟ್ಟೆ ಬದಲಿಸಲು ಅವನು ತನ್ನ ಮನೆಗೆ ಓಡುವುದಕ್ಕೂ ಗಾಡಿಯ ಕಹಳೆ ಕೇಳುವುದಕ್ಕೂ ಸರಿಹೋಯಿತು.

ಷರಾಯಿಯ ಗುಂಡಿ ಹಾಕಿಕೊಳ್ಳುತ್ತ ಪೆಕ್ ಹೊರಬಂದಾಗ, ವಾಷಿಂಗ್ಟನ್ನಿನ ಮನುಷ್ಯ ಜೇಬಜ್‌ನ ಎರಡೂ ಕೈ ಹಿಡಿದು ಕುಲುಕುತ್ತಿದ್ದ. "ಭೇಷ್! ಇಷ್ಟೆತ್ತರದ ಕಂಬ ದಾರಿಯಲ್ಲೆಲ್ಲೂ ನೋಡ್ಲಿಲ್ಲ. ಇಂಥ ನಿಷ್ಠಾವಂತರು ಇರೋವಾಗ ಬೇರೆಯವರು ಯಾಕೆ? ಇವತ್ತಿಂದ ನೀವೇ ಪೋಸ್ಟ್ ಮಾಸ್ಟರು."

"ಅಲ್ಲ ಸ್ವಾಮಿ, ಅದು..." ಎಂದು ಜೇಬಜ್ ತಡವರಿಸಿದ.

"ಎಂಥ ವಿನಯ! ಹಳೇ ಪೋಸ್ಟ್ ಮಾಸ್ಟರು ಎಲ್ಲಿ? ಆ ಮನೆಯವನೋ? ಅಂಗಳದಲ್ಲಿ ಬರೀ ಗುಂಡಿ!"

ಪೆಕ್ ಓಡಿಹೋಗಿ ಕೈಮುಗಿದು ಬಾಯಿಪಾಠ ಶುರುಮಾಡಿದ. "ಸ್ವಾಮಿ, ಹದಿನಾಲ್ಕಕ್ಕೇ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಆಮೇಲೆ ತಲೆಗೆ ಏಟು ಬೇರೆ ಬಿತ್ತು..."

"ಅಯ್ಯೋ ಪಾಪ," ಎಂದು ಆ ಮನುಷ್ಯ ಅವನ ಬೆನ್ನು ತಟ್ಟಿದ. "ಅದಕ್ಕೇ ಹೀಗಾಗಿದ್ದೀರಿ. ಮನೇಲಿ ವಿಶ್ರಾಂತಿ ತಗೊಳ್ಳಿ." ಗಾಡಿ ಹೊರಟೇಹೋಯಿತು.

ಪೆಕ್ ಜಗಲಿಯ ಮೇಲೆ ಕುಸಿದು ಕುಳಿತ. ಅಳುವೇ ಬಂದಿತು. ಜೇಬಜ್ ಗಾಡಿಯವನು ಇಳಿಸಿಹೋಗಿದ್ದ ಚೀಲ ಹೊತ್ತು ತಂದು ಅವನ ಮುಂದಿಟ್ಟ. "ಬೈಯ್ಯೋ ಹಾಗಿದ್ರೆ ಆಮೇಲೆ ಬೈಯಪ್ಪಾ. ಇದರಲ್ಲಿ ಯಾವುದು ಯಾರದ್ದು ಅಂತ ನೋಡು. ನಂಗೆ ಅಕ್ಷರ ಬರಲ್ಲ ಅಂತ ಹೇಳೋಕೆ ಆ ಮನುಷ್ಯ ಬಿಟ್ಟರೆ ತಾನೆ!"

ಪೆಕ್ ಮುಖ ತಿರುಗಿಸಿದ. ಆದರೆ ಚೀಲದ ಬಾಯಲ್ಲಿ ಪತ್ರಿಕೆಗಳ ಕಟ್ಟು ಇಣುಕುತ್ತಿತ್ತು, ದಾರ ಇನ್ನೂ ಬಿಚ್ಚಿರಲಿಲ್ಲ. ಕೈ ತಾನಾಗಿ ಹೋಯಿತು. ಹೊಸ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ಅರ್ಧ ದುಃಖ ಇಳಿಯಿತು. ಜನ ಎಂದಿನಂತೆ ಜಗಲಿಯ ಸುತ್ತ ಸೇರಿದರು. ಡಾರ್ಕಸ್ ಬಿಸಿ ಜೋಳದ ರೊಟ್ಟಿ ತಂದುಕೊಟ್ಟಳು. ಕೆಲಸ ಹೋದರೂ ಏನೂ ಹೋಗಿಲ್ಲವಲ್ಲ ಎಂದು ಪೆಕ್‌ಗೆ ನೆಮ್ಮದಿಯಾಯಿತು.

"ಏನಂತೆ ಸುದ್ದಿ, ಪೋಸ್ಟ್ ಮಾಸ್ಟ್ರೇ?" ಎಂದು ಟ್ರಿಫೀನಾ ಕೇಳಿದಳು.

ಪೆಕ್ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ.

"ಸ್ವಲ್ಪ ಇರಮ್ಮ," ಎಂದ ಜೇಬಜ್, ಮೀಸೆ ತೀಡುತ್ತ. "ನಮ್ಮ ಗುಮಾಸ್ತ ಓದಿ ಹೇಳ್ತಾನೆ."