ಎಡಕ್ಕಿದ್ದ ಕಾಲುವೆ

ಒಮ್ಮೆ ಕಲಿತ ಗಾಡಿ ಮರೆಯುವುದಿಲ್ಲ ಎನ್ನುತ್ತಾರೆ. ತಲೆ ಮರೆತದ್ದನ್ನೂ ಮೈ ನೆನಪಿಟ್ಟುಕೊಳ್ಳುತ್ತದಂತೆ. ಎಂ.ಎ.ಯಲ್ಲಿ ಓದಿದ್ದನ್ನೆಲ್ಲ ಕಳೆದುಕೊಂಡು ಕುಳಿತಿರುವ ನನ್ನಂಥವಳಿಗೆ ಇದು ಸಮಾಧಾನದ ಮಾತು. ಆದರೆ ಆ ಮೈ ಕಲಿತದ್ದಾದರೂ ಏನು ಎಂದು ಯಾರೂ ವಿಚಾರಿಸುವುದಿಲ್ಲ.

ನಾನು ಸಿಂಧನೂರಿನಿಂದ ಮಸ್ಕಿಯ ಕಾಲೇಜಿಗೆ ಪಾಠ ಹೇಳಲು ಹೋಗುವವಳು. ಬಸ್‌ಸ್ಟ್ಯಾಂಡ್ ಮುಟ್ಟಲು ದಿನಾ ಆಟೊದವರ ಮುಖ ನೋಡಬೇಕು. ಮನೆಯಲ್ಲೊಂದು ಸ್ಕೂಟಿ ಧೂಳು ತಿನ್ನುತ್ತ ನಿಂತಿತ್ತು. ಅದನ್ನು ಲಿಂಗಸುಗೂರಿನ ತಮ್ಮನಿಗೆ ಕೊಡುತ್ತೇನೆಂದು ಪತಿ ಮಹಾಶಯರು ಘೋಷಿಸಿದಾಗ ನನಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಕಲಿಯುತ್ತೇನೆ ಎಂದೆ. ಹಾಗಾದರೆ ತಮ್ಮ ಬರುವ ಭಾನುವಾರ ಅವನೆದುರು ಮೇನ್ ರೋಡಿಗೆ ಹೋಗಿ, ಬೀಳದೆ, ಒಂದು ತಿರುವೂ ತಪ್ಪದೆ ಮನೆಗೆ ಬಾ, ಗಾಡಿ ನಿನ್ನದು ಎಂದರು.

ಗೊರೇಬಾಳದ ಕಡೆಯ ಕಾಲುವೆ ದಂಡೆಯೇ ನನ್ನ ಪಾಠಶಾಲೆ. ಪತಿಯೇ ಗುರುಗಳು; ಹಿಂದೆ ಕುಳಿತು, ಮೈ ಸಡಿಲ ಬಿಡು ಆದರೆ ಗಟ್ಟಿ ಹಿಡಿ, ಯೋಚನೆ ಮಾಡಬೇಡ ಆದರೆ ಖಬರಿನಲ್ಲಿರು ಎಂದು ಉಪದೇಶಿಸುತ್ತಿದ್ದರು. ಎಡಕ್ಕೆ ತುಂಬಿ ಹರಿಯುವ ಕಾಲುವೆ. ಗಾಡಿ ಅತ್ತ ಕೊಂಚ ವಾಲಿದರೂ ನನ್ನ ಇಡೀ ಮೈ ಬಲಕ್ಕೆ ಎಳೆಯುತ್ತಿತ್ತು. ಮರಳುವಾಗ ಗುರುಗಳಿಗೆ ಹಸಿವು; ನನ್ನ ವೇಗದಲ್ಲಿ ಊಟ ಸಿಗದೆಂದು ತಾವೇ ಹ್ಯಾಂಡಲ್ ಹಿಡಿಯುತ್ತಿದ್ದರು. ಹಾಗಾಗಿ ನನ್ನ ಪಾಲಿಗೆ ಕಾಲುವೆ ಸದಾ ಎಡಕ್ಕೇ ಇತ್ತು. ಮರಳುವಾಗಲೂ ಒಮ್ಮೊಮ್ಮೆ ನಾನೇ ನಡೆಸಿದ್ದೆನೆಂದು ಅವರ ವಾದ. ನನ್ನ ನೆನಪನ್ನು ನಾನು ನಂಬುವುದಿಲ್ಲ, ಅವರದನ್ನಂತೂ ಇಲ್ಲವೇ ಇಲ್ಲ.

ಭಾನುವಾರ ಮೈದುನ ಹೆಲ್ಮೆಟ್ ಹಿಡಿದುಕೊಂಡೇ ಬಂದು ಕಟ್ಟೆಯ ಮೇಲೆ ಕುಳಿತ. ಎಂಥ ಆತ್ಮವಿಶ್ವಾಸ! ಪತಿಯನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಓಣಿಯಿಂದ ಬಲಕ್ಕೆ ತಿರುಗಿದ್ದು ಬೆಣ್ಣೆಯಂತೆ. ಮುಂದೆ ಬಲಕ್ಕೇ ಹೊರಳಿ ವಾಪಸಾದದ್ದೂ ಅಷ್ಟೇ. ಈಗ ನಮ್ಮ ಓಣಿ ಎಡಕ್ಕೆ ಬಂತು. ತಿರುಗು ಎಂದು ತಲೆ ಹೇಳಿತು. ಕೈ ಕೇಳಲಿಲ್ಲ. ಓಣಿ ಹಿಂದಕ್ಕೆ ಹೋಯಿತು.

"ಎಡಕ ಯಾಕ ತಿರುಗಲಿಲ್ಲ ನೀ?"

"ಎಡಕ ಕಾಲುವಿ ಐತ್ರಿ."

"ಅಲ್ಲಿರೋದು ಹಿಟ್ಟಿನ ಗಿರಣಿ."

ಅದು ನನಗೂ ಗೊತ್ತಿತ್ತು, ಕೈಗಳಿಗೆ ಗೊತ್ತಿರಲಿಲ್ಲ. ಎಡಕ್ಕೇ ತಿರುಗುತ್ತೇನೆಂದು ಹಠ ಹಿಡಿದು ಮತ್ತೊಂದು ಸುತ್ತು ಬಂದೆ. ಓಣಿ ಮತ್ತೆ ಹಿಂದಾಯಿತು. ಗಿರಣಿಯವರು ಕೆಲಸ ಬಿಟ್ಟು ಹೊರಗೆ ಬಂದು ನಿಂತರು. ಕೊನೆಗೆ ಮುಂದೆ ಹೋಗಿ ಹೊರಳಿ ಎದುರು ದಿಕ್ಕಿನಿಂದ ಬಂದೆ. ಈಗ ಓಣಿ ಬಲಕ್ಕಿತ್ತು. ರಾಣಿಯಂತೆ ಒಳನುಗ್ಗಿ ಕಟ್ಟೆಯ ಮುಂದೆ ನಿಲ್ಲಿಸಿದೆ.

ಅಷ್ಟನ್ನು ಮಾತ್ರ ಕಂಡಿದ್ದ ಮೈದುನ, "ವೈನಿ ಭಾರಿ ತಿರುಗಿಸ್ತಾರ ಬಿಡಣ್ಣ" ಎಂದ. ಪತಿ ನಿಜ ಹೇಳಲು ಬಾಯಿ ತೆರೆದರು. ಹೇಳಿದರೆ ಗಾಡಿ ತಮ್ಮನಿಗೆ. ಆದರೆ ಇವಳಿಗೆ ಹೀಗೆ ಕಲಿಸಿದವರಾರು ಎಂಬ ಪ್ರಶ್ನೆಯೂ ಏಳುತ್ತಿತ್ತಲ್ಲ.

"ಕಲಿಸಿದಾಂವ ಯಾರಲೇ? ನಾನ" ಎಂದರು.

ಮೈದುನ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಲಿಂಗಸುಗೂರಿಗೆ ಮರಳಿದ. ಗಾಡಿ ನನ್ನದಾಯಿತು. ಊರಿನ ತಿರುವುಗಳೆಲ್ಲ ನನಗೆ ಕರಗತ ಎಂದು ಕಾಲೇಜಿನಲ್ಲಿ ಹೇಳಿಕೊಳ್ಳತೊಡಗಿದ್ದೇನೆ. ಇನ್ನಷ್ಟು ಸಲ ಹೇಳಿದರೆ ನನ್ನ ನೆನಪೂ ಒಪ್ಪಿಕೊಂಡೀತು. ಅದನ್ನು ಬೇಕಾದತ್ತ ತಿರುಗಿಸುವುದು ಹ್ಯಾಂಡಲಿನಷ್ಟು ಕಷ್ಟವಲ್ಲ.