ಮಾವನ ಸ್ವೀಡನ್ ಭಜನೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಇಷ್ಟೂ ಊರುಗಳನ್ನು ಜರಡಿ ಹಿಡಿದರೂ ಸ್ವೀಡನ್ ದೇಶದ ರಾಕ್ ಸಂಗೀತಕ್ಕೆ ತಲೆದೂಗುವ ಫರ್ಸಿ ಕಲ್ಲಿನ ವ್ಯಾಪಾರಿ ಒಬ್ಬನೇ ಸಿಕ್ಕಾನು. ಆತ ನನ್ನ ಸೋದರಮಾವ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕೋ, ಸಂಬಂಧ ಕೇಳಲು ಬಂದವರ ಮುಂದೆ ಮುಚ್ಚಿಡಬೇಕೋ ಎಂಬುದು ತೊಂಬತ್ತರ ದಶಕದುದ್ದಕ್ಕೂ ನಮ್ಮ ಮನೆಯಲ್ಲಿ ಇತ್ಯರ್ಥವಾಗದ ಪ್ರಶ್ನೆಯಾಗಿತ್ತು!

ಮಾವನದು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಸಂಜೆಯಾದರೆ ಟೇಪಿನಲ್ಲಿ ವಚನ. ಇಂಥವನಿಗೆ ಸ್ವೀಡನ್ ಎಲ್ಲಿಂದ ಗಂಟುಬಿತ್ತು? ವಾಡಿಯ ಕಡೆಯ ಒಂದು ಸಿಮೆಂಟ್ ಕಾರ್ಖಾನೆಗೆ ಯಂತ್ರ ಕೂಡಿಸಲು ಆ ದೇಶದ ಇಂಜಿನಿಯರ್ ಒಬ್ಬ ಬಂದಿದ್ದ. ಅವನ ಬಂಗಲೆಗೆ ಫರ್ಸಿ ಹಾಕಿಸಿದ್ದು ನಮ್ಮ ಮಾವ. ನಮ್ಮ ಬಿಸಿಲಿಗೆ ಬೆಂದುಹೋಗಿದ್ದ ಸಾಹೇಬ ಆ ತಣ್ಣನೆಯ ನೆಲದ ಮೇಲೆ ಬರಿಮೈಯಲ್ಲಿ ಅಂಗಾತ ಮಲಗಿ ಅದೆಷ್ಟು ಸುಖಪಟ್ಟನೆಂದರೆ, ಊರಿಗೆ ಹೊರಡುವಾಗ ಮಾವನ ಕೈಯಲ್ಲಿ ಒಂದು ಕ್ಯಾಸೆಟ್ ಇಟ್ಟು ಹೋದ. ಇದು ತಮ್ಮ ದೇಶದ ಹಳ್ಳಿ ಹಾಡುಗಳ ಧಾಟಿಗೆ ರಾಕ್ ಬೆರೆಸಿದ್ದು, ಹಾಡುವವರು ಯಾರೂ ಇಲ್ಲ, ಬರೀ ವಾದ್ಯ ಎಂದು ಇಂಗ್ಲಿಷಿನಲ್ಲಿ ವಿವರಿಸಿಯೂ ಇದ್ದನಂತೆ. ಮಾವನಿಗೆ ತಿಳಿದದ್ದು ಸ್ವೀಡನ್ ಎಂಬ ಹೆಸರೊಂದೇ.

ಅಂದು ಸಂಜೆ ಓಣಿಯ ನಾಲ್ಕು ಜನರನ್ನು ಕರೆದು ಕ್ಯಾಸೆಟ್ ಹಾಕಿದ. ಮೊದಲು ಪಿಟೀಲು, ಹಿಂದಿನಿಂದ ಹಾರ್ಮೋನಿಯಂ ಪೇಟಿಯಂಥದೇನೋ, ಅದರ ಮೇಲೆ ಡ್ರಮ್ಮಿನ ಗುಡುಗು. ನಮ್ಮ ಕಡೆಯ ಭಜನೆಗಳಲ್ಲಿ ಒಂದು ವಾಡಿಕೆಯಿದೆ. ಮುಖ್ಯ ಹಾಡುಗಾರ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ನಿಧಾನವಾಗಿ ಬರುವತನಕ ಪೇಟಿ ತಬಲಾದವರು ಸುಮ್ಮನೆ ನುಡಿಸುತ್ತ ಜನರನ್ನು ಹಿಡಿದಿಟ್ಟುಕೊಂಡಿರಬೇಕು. ಮಾವ ಇದನ್ನೂ ಹಾಗೆಯೇ ತಿಳಿದ.

"ಹಾಡವ ಇನ್ನ ಬಂದಿಲ್ಲ ಕಾಣ್ತದ. ಸುಮ್ಮ ಕುಂದ್ರಿ, ಬರ್ತಾನ."

ಕ್ಯಾಸೆಟ್ಟಿನ ಒಂದು ಬದಿ ಮುಗಿಯಿತು. ತಿರುವಿ ಹಾಕಿದ. ಎರಡನೆಯ ಬದಿಯೂ ಮುಗಿಯುತ್ತ ಬಂತು. ಹಾಡುಗಾರನ ಪತ್ತೆಯಿಲ್ಲ.

"ಅವನ ಬಸ್ ತಪ್ಪಿರಬೇಕು ನೋಡ್ರಿ, ಸಾವ್ಕಾರ್ರ," ಎಂದ ಪಕ್ಕದ ಮನೆಯವನು.

ಮಾವ ಕಣ್ಣು ಮುಚ್ಚಿಕೊಂಡೇ ಹೇಳಿದ: "ಬಾರಸೋರು ಇಷ್ಟ ಚಂದ ಬಾರಸ್ಲಿಕತ್ತಾರ. ಅವ ಬರದಿದ್ರೇ ಚಲೋ."

ಹೀಗೆ ಶಹಾಬಾದಿನಲ್ಲಿ ಸ್ವೀಡನ್ ಸಂಗೀತದ ಶೋಧವಾಯಿತು.

ಇಲ್ಲಿ ಮಾವನ ಹೆಂಡತಿ, ನನ್ನ ಅತ್ತೆಯ ವಿಷಯ ಹೇಳಲೇಬೇಕು. ಆ ಹೊತ್ತಿಗೆ ಆಕೆಯ ಕಿವಿ ಮಂದವಾಗುತ್ತಿತ್ತು. ಬಸುರಿಯರ ಕುಬಸ, ತೊಟ್ಟಿಲು, ಮದುವೆ, ಎಲ್ಲೇ ಹೆಂಗಸರು ಸೇರಿದರೂ ನಡುವೆ ಕುಳಿತು ಮಾತಿನ ಮಂಟಪ ಕಟ್ಟುತ್ತಿದ್ದವಳು ಅವಳೇ. ಕುರಕುಂಟಾದ ಒಂದು ಕುಬಸದಲ್ಲಿ ಯಾರೋ ಹೆಂಗಸು ತನ್ನ ಅತ್ತೆ ತೀರಿಕೊಂಡದ್ದನ್ನು ಹೇಳಿದರೆ, ಈಕೆ ಸರಿಯಾಗಿ ಕೇಳಿಸದೆ "ಭಾಳ ಚಲೋ ಆತು ಬಿಡವಾ, ಎಲ್ಲಾರಿಗೂ ಪೇಢೆ ಹಂಚು" ಎಂದುಬಿಟ್ಟಳು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕಳು. ಆದರೆ ಅಂದಿನಿಂದ ಯಾರ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ. ಕಿವಿಗೆಂದು ತಂದ ಯಂತ್ರ ಸೀಟಿ ಹೊಡೆಯುತ್ತದೆಂದು ಡಬ್ಬಿಯಲ್ಲೇ ಉಳಿಯಿತು.

ಹೆಂಡತಿಯ ಕಿವಿ ಹೋಗುತ್ತಿರುವಾಗ ಗಂಡನಿಗೆ ಸಂಗೀತದ ಹುಚ್ಚು! ಬೀಗರು ಬಿಜ್ಜರು ಆಡಿಕೊಳ್ಳಲು ಇನ್ನೇನು ಬೇಕು?

ಹುಚ್ಚೆಂದರೆ ಎಂಥ ಹುಚ್ಚು ಅಂತೀರಿ. ಗುಲಬರ್ಗಾದ ಕ್ಯಾಸೆಟ್ ಅಂಗಡಿಗೆ ಹೋಗಿ, "ಸ್ವೀಡನ್ ದೇಶದ್ದು ಅದ ಏನ್ರಿ? ಹಾಡವ ಇರಬಾರದು. ನಡುವ ಜರಾ ಜಗಳ ಹತ್ತಿದಂಗ ಆಗಬೇಕು, ಮತ್ತ ತಾನೇ ರಾಜಿ ಆಗಬೇಕು," ಎಂದು ಕೇಳಿದ. ಅಂಗಡಿಯವನು ಸ್ವಲ್ಪ ಯೋಚಿಸಿ, "ಅಂಥಾದ್ದು ನಮ್ಮ ಮನ್ಯಾಗ ದಿನಾ ನಡೀತದರಿ. ಕ್ಯಾಸೆಟ್ ಮಾಡಿಲ್ಲ," ಎಂದನಂತೆ.

ಇನ್ನೊಮ್ಮೆ ಕಲ್ಲಿನ ಅಂಗಳಕ್ಕೇ ಟೇಪು ಒಯ್ದ, ಕೆಲಸದವರೂ ಕೇಳಲಿ ಎಂದು. ಅತ್ತ ಫರ್ಸಿ ಪಾಲಿಶ್ ಮಾಡುವ ಯಂತ್ರ ಕಿರ್ರೋ ಎನ್ನುತ್ತಿತ್ತು, ಇತ್ತ ಸ್ವೀಡನ್ನಿನವರು ಗಿಟಾರಿನ ಮೇಲೆ ಬಿದ್ದಿದ್ದರು. ಸ್ವಲ್ಪ ಹೊತ್ತಿಗೆ ಮಾವ ಕೂಗಿದ:

"ಏ, ಮಶಿನ್ ಬಂದ್ ಮಾಡ್ರೋ, ಹಾಡು ಕೇಳ್ಸವಲ್ದು."

"ಮಶಿನ್ ಆಗಳೇ ಬಂದ್ ಮಾಡೀವ್ರಿ, ಸಾವ್ಕಾರ್ರ."

ಹೀಗಿರುವಾಗ ಸೇಡಂನಲ್ಲಿ ನನ್ನ ತಂಗಿಯ ಮದುವೆ ಗೊತ್ತಾಯಿತು. ಅತ್ತೆ "ನಾ ಬರಂಗಿಲ್ಲ" ಎಂದು ಹೇಳಿ ಕಳಿಸಿದಳು. ಸೋದರಮಾವನ ಹೆಂಡತಿ ಬಂದು ಅರಿಶಿಣ ಹಚ್ಚದೆ ನಮ್ಮಲ್ಲಿ ಮದುಮಗಳು ಹಸೆಗೆ ಏಳುವುದುಂಟೇ? ಅದಕ್ಕೂ ಮಿಗಿಲಾಗಿ, ಈ ಮದುವೆಗೂ ಬರದಿದ್ದರೆ ತನ್ನ ಅತ್ತಿಗೆ, ಅವಳ ಬಾಯಲ್ಲಿ ವೈನಿ, ಇನ್ನೆಂದೂ ಹೊರಗೆ ಬರುವುದಿಲ್ಲ ಎಂಬುದು ಅವ್ವನಿಗೆ ಖಾತ್ರಿಯಾಗಿತ್ತು. ಆ ತಪ್ಪನ್ನೆಲ್ಲ ಟೇಪಿನ ತಲೆಗೆ ಕಟ್ಟಿ, "ಆ ಪೆಟ್ಟಿಗಿ ಕಾಗಿಣಾ ಹೊಳಿಗಿ ಒಗದು, ವೈನಿನ ಕರಕೊಂಡೇ ಬರ್ತೀನಿ," ಎಂದು ಜೀಪು ಮಾಡಿಕೊಂಡು ಹೊರಟಳು. ಜೊತೆಗೆ ನಾನು.

ನಾವು ಹೋದಾಗ ಮಧ್ಯಾಹ್ನ. ಟೇಪು ನಡೆದಿತ್ತು. ಅದರ ಪಕ್ಕ ನೆಲದ ಮೇಲೆ ಅತ್ತೆ ಕಣ್ಣು ಮುಚ್ಚಿ ಕುಳಿತಿದ್ದಳು, ಒಂದು ಕೈ ಪೆಟ್ಟಿಗೆಯ ಮೇಲೆ. ಅವ್ವ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅಣ್ಣಾ, ವೈನಿಗೆ ಕಿವಿ ಕೇಳ್ಸಂಗಿಲ್ಲ. ನೀ ಇದನ್ನ ಹಚ್ಕೊಂಡು ಕುಂತೀದಿ. ಜರಾನಾದ್ರೂ ನಾಚಿಕಿ ಅದ ಏನು?"

ಎಲ್ಲದಕ್ಕೂ ಎದುರುತ್ತರ ಇಟ್ಟುಕೊಂಡಿರುವ ಮಾವ ಅಂದು ದನಿ ತಗ್ಗಿಸಿದ.

"ವಚನ ಹಚ್ಚಿದ್ರ 'ಏನಂದ್ರು, ಏನಂದ್ರು' ಅಂತ ಕೇಳ್ತಿದ್ಲು. ನಾ ಹೇಳ್ತಿದ್ದೆ. ಆಮ್ಯಾಲ ಕೇಳೋದೇ ಬಿಟ್ಲು. ಎಲ್ಲಾ ಕೇಳಿಸಿದೋರಂಗ ಸುಮ್ಮ ತಲಿ ಅಲ್ಲಾಡಸ್ಲಿಕತ್ಲು. ಅದು ನನಗ ನೋಡ್ಲಿಕ್ಕಾಗ್ಲಿಲ್ಲ, ತಂಗಿ. ಇದ್ರಾಗ ಯಾರೂ ಏನೂ ಅನ್ನಂಗಿಲ್ಲ. ಗುಡುಗುಡು ಅನ್ನೋದು ಆಕಿಗಿ ಕೈಗೇ ಹತ್ತತದ. ತಿಳಿಯೋದಂತೂ ನನಗೂ ಇಲ್ಲ, ಆಕಿಗೂ ಇಲ್ಲ. ಇಬ್ಬರೂ ಬರಾಬರ್ ಕುಂದರ್ತೀವಿ."

ಅವ್ವ ಆಗ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಅಷ್ಟರಲ್ಲಿ ಅತ್ತೆ ಕಣ್ಣು ತೆರೆದಳು. ನಾದಿನಿಯನ್ನು ಕಂಡು ಒಂದು ಕ್ಷಣ ಅಂಜಿದಳು. ಇನ್ನೀಗ ಏನು ಕೇಳುತ್ತಾಳೋ, ತಾನೇನು ಉತ್ತರ ಕೊಡಬೇಕೋ ಎಂಬ ಅಂಜಿಕೆ ಅದು. ಮಂಗಳಾರತಿಯ ಹೊತ್ತಿನಲ್ಲೂ ಬಾಯಿ ಮುಚ್ಚದ ಅವ್ವ ಏನೂ ಕೇಳಲಿಲ್ಲ. ಅತ್ತಿಗೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ತಾನೂ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಅತ್ತೆ ಆ ಕೈಯನ್ನು ಹಿಡಿದು ಜರುಗಿಸಿ, ಗುಡುಗು ಅಂಗೈಗೆ ಚೆನ್ನಾಗಿ ಹತ್ತುವ ಜಾಗದಲ್ಲಿ ಇಟ್ಟಳು.

ಕ್ಯಾಸೆಟ್ಟಿನ ಆ ಬದಿ ಮುಗಿದ ಮೇಲೆ ಅವ್ವ ಎದ್ದು, ಗೋಡೆಯಿಂದ ಟೇಪಿನ ವಾಯರ್ ಕಿತ್ತು, ಪೆಟ್ಟಿಗೆಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡಳು. ಇನ್ನೊಂದು ಕೈಯನ್ನು ಅತ್ತೆಯ ಕಡೆಗೆ ಚಾಚಿದಳು. ಅತ್ತೆ ಆ ಕೈ ಹಿಡಿದು ಎದ್ದಳು. ಒಳಗೆ ಹೋಗಿ, ಇಳಕಲ್ ಸೀರೆ ಉಟ್ಟುಕೊಂಡು ಬಂದಳು.

ಮಾವ ಟೇಪಿಗೆ ಸೆಲ್ ಹಾಕಿಕೊಟ್ಟು ಜೀಪಿನ ಹಿಂದೆ ನನ್ನ ಪಕ್ಕ ಕುಳಿತ. ಮುಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ಸ್ವೀಡನ್ ಭೋರ್ಗರೆಯುತ್ತಿತ್ತು. ಅದರ ಮೇಲೆ ಅತ್ತೆಯ ಕೈ, ಅತ್ತೆಯ ಕೈ ಮೇಲೆ ಅವ್ವನ ಕೈ. ಸೇಡಂ ಬರುವತನಕ ಇಬ್ಬರೂ ಕೈ ತೆಗೆಯಲಿಲ್ಲ.